ಸ್ಪಷ್ಟನೆ: ದಿಂಬಿನ ಕೆಳಗೆ ಕರ್ಪೂರ ಇಟ್ಟರೆ ಸೀನು ನಿಲ್ಲುವುದಿಲ್ಲ

ಮೈಸೂರಿನ ಹಾಸ್ಟೆಲ್‌ಗಳ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: "ಬೆಳಗ್ಗೆ ಸೀನು ಬರುವುದು ಹೊರಗಿನ ಧೂಳಿನಿಂದ. ಕಿಟಕಿ ಮುಚ್ಚಿ, ದಿಂಬಿನ ಕೆಳಗೆ ಕರ್ಪೂರ ಇಡಿ."

ಇದು ಸರಿಯಲ್ಲ. ಹೊರಗಿನ ಪಾರ್ಥೇನಿಯಂ ಕಳೆಯ (ಕಾಂಗ್ರೆಸ್ ಗಿಡದ) ಪರಾಗ ಕೆಲವರಿಗೆ ಕಾಟ ಕೊಡುವುದು ನಿಜ. ಆದರೆ ಎದ್ದ ಕೂಡಲೇ ಸಾಲಾಗಿ ಸೀನು ಬರುತ್ತಿದ್ದರೆ ಮೊದಲು ಹಾಸಿಗೆ ನೋಡಿ. ಅದರಲ್ಲಿ ಧೂಳಿನ ನುಸಿ (ಡಸ್ಟ್ ಮೈಟ್) ಎಂಬ ಪುಟ್ಟ ಜೀವಿ ಇರುತ್ತದೆ. ಉದ್ದ ಸುಮಾರು 0.3 ಮಿಲಿಮೀಟರ್, ಕಣ್ಣಿಗೆ ಕಾಣುವುದೇ ಕಷ್ಟ. ತಿಗಣೆಯಂತೆ ಕಚ್ಚುವುದಿಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ತಿಂದು ಬದುಕುತ್ತದೆ. ಅಲರ್ಜಿ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಕರ್ಪೂರ ಇಟ್ಟರೂ ಆ ಹಿಕ್ಕೆ ಅಲ್ಲೇ ಇರುತ್ತದೆ. ಅಸ್ತಮಾ ಇದ್ದವರಿಗಂತೂ ಆ ಘಾಟೇ ತೊಂದರೆ ಕೊಡಬಹುದು.

ಕಿಟಕಿ ಮುಚ್ಚಿದರೆ ಇನ್ನೂ ಕಷ್ಟ. ಮಳೆಗಾಲದಲ್ಲಿ ಒದ್ದೆ ಟವೆಲ್, ಜೀನ್ಸ್ ಎಲ್ಲಾ ರೂಮಿನೊಳಗೇ ಒಣಹಾಕುತ್ತೇವೆ ಅಲ್ವಾ? ಆ ತೇವಕ್ಕೆ ನುಸಿ ಜಾಸ್ತಿಯಾಗುತ್ತದೆ. ನನ್ನ ಮಂಚದ ಹಿಂದಿನ ಗೋಡೆಗೆ ಕಪ್ಪು ಬೂಷ್ಟು ಹಿಡಿದದ್ದೂ ಹೀಗೇ. ಅದರಿಂದಲೂ ಅಲರ್ಜಿ ಬರುತ್ತದೆ, ಜಿರಳೆಯಿಂದಲೂ ಅಷ್ಟೆ.

ವಾರಕ್ಕೊಮ್ಮೆ ಬೆಡ್‌ಶೀಟ್, ದಿಂಬಿನ ಕವರ್ 60 ಡಿಗ್ರಿ ಬಿಸಿನೀರಿನಲ್ಲಿ ನೆನೆಹಾಕಿ ಒಗೆಯಿರಿ. ನೀರು ಆರುವ ತನಕ ಬಕೆಟ್‌ಗೆ ಕೈ ಹಾಕಬೇಡಿ, ಸುಡುತ್ತದೆ. ಹಾಸಿಗೆ ಕೊಡವುವುದಿದ್ದರೆ ತಾರಸಿಗೆ ಒಯ್ಯಿರಿ. ಉಸಿರಾಡುವಾಗ ಸುಯ್ ಅನ್ನುತ್ತಿದ್ದರೆ ಸುಮ್ನೆ ಕೂರಬೇಡಿ, ದಯವಿಟ್ಟು ಡಾಕ್ಟರನ್ನು ಕಾಣಿ.