ಜೈಲಿನ ದಿನ ಎಣಿಸಿದ ಅರ್ಜಿ, ಮಾಡಿದ ಕೆಲಸವೇನೆಂದು ಕೇಳಿದ ಅರ್ಜಿ

ದುರ್ಗದಲ್ಲಿ ಯಾವ ಹುಡುಗನನ್ನು ಕೇಳಿದರೂ ಓಬವ್ವನ ಕಿಂಡಿಗೆ ದಾರಿ ತೋರಿಸುತ್ತಾನೆ. 1939ರ ತುರುವನೂರು ಅರಣ್ಯ ಸತ್ಯಾಗ್ರಹದಲ್ಲಿ ಈಚಲು ಮರ ಕಡಿದವರಿಗೆ ಕೊಡಲಿ ಕೊಟ್ಟವರಾರು, ಬುತ್ತಿ ಯಾರ ಮನೆಯದು ಎಂದು ಕೇಳಿ ನೋಡಿ. ನಿಜಲಿಂಗಪ್ಪನವರ ಹೆಸರು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಡಬ್ಲಿನ್‌ನಲ್ಲಿದ್ದುಕೊಂಡು ಐರ್ಲೆಂಡಿನ ಸಶಸ್ತ್ರ ಹೋರಾಟದ ಕಡತ ಓದುವ ದಾವಣಗೆರೆಯವನಿಗೆ ಇದು ಕಣ್ಣಿಗೆ ಹೊಡೆಯುತ್ತದೆ. ನಮ್ಮಲ್ಲಿ ಅಭಿಮಾನಕ್ಕೇನೂ ಬರವಿಲ್ಲ. ನಮ್ಮ ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ ಅರ್ಜಿ ಕೇಳಿದ ಪ್ರಶ್ನೆಯೇ ಬೇರೆ.

1972ರಲ್ಲಿ ಶುರುವಾದ ಕೇಂದ್ರದ ಯೋಜನೆಗೆ ಮುಖ್ಯವಾಗಿ ಬೇಕಿದ್ದದ್ದು 6 ತಿಂಗಳ ಜೈಲುವಾಸ. ಮಹಿಳೆಯರಿಗೆ, ಪರಿಶಿಷ್ಟರಿಗೆ 3 ತಿಂಗಳು. ಭೂಗತರಾಗಿದ್ದವರಿಗೂ ಅವಕಾಶವಿತ್ತು, ಆದರೆ ಘೋಷಿತ ಅಪರಾಧಿ ಎಂದೋ, ಹಿಡಿದುಕೊಟ್ಟವರಿಗೆ ಬಹುಮಾನ ಎಂದೋ ಸಾರಿರಬೇಕಿತ್ತು. ಪೊಲೀಸರಿಗೆ ಸುಳಿವೇ ಕೊಡದೆ ಕೆಲಸ ಮುಗಿಸಿದ ಜಾಣನಿಗೆ ಕಾಗದ ಎಲ್ಲಿಂದ ಬರಬೇಕು?

ಐರ್ಲೆಂಡಿನ 1924 ಮತ್ತು 1934ರ ಪಿಂಚಣಿ ಕಾಯ್ದೆಗಳು, ಬ್ರಿಟಿಷರ ವಿರುದ್ಧ ಎದ್ದ 1916ರ ಈಸ್ಟರ್ ದಂಗೆಯಿಂದ 1923ರ ಸೆಪ್ಟೆಂಬರ್‌ವರೆಗಿನ ಕಾಲವನ್ನು ಕಂತುಗಳಾಗಿ ಒಡೆದವು. ಪ್ರತಿ ಕಂತಿಗೂ ಬೇರೆ ಉತ್ತರ: ಹೋರಾಟದ ಪಡೆಯ ಯಾವ ತುಕಡಿ, ಮೇಲಿನವನು ಯಾರು, ಯಾವ ದಾಳಿ, ಜೊತೆಗಿದ್ದವರು ಯಾರು. ಆಮೇಲೆ ಪ್ರಮಾಣ ಮಾಡಿಸಿ ಬಾಯಿಮಾತಿನ ವಿಚಾರಣೆ. 1921ರ ಜುಲೈ 11, ಬ್ರಿಟಿಷರೊಡನೆ ಕದನವಿರಾಮವಾದ ದಿನ, ಯಾರ್‍ಯಾರು ಎಲ್ಲೆಲ್ಲಿದ್ದರು ಎಂದು ಹಳೆಯ ಬ್ರಿಗೇಡಿನವರೇ ಪಟ್ಟಿ ಬರೆದುಕೊಟ್ಟರು. ಅರ್ಜಿಯನ್ನು ಅದಕ್ಕೆ ತಾಳೆ ಹಾಕಲಾಯಿತು. ಅರ್ಜಿ ಸುಮಾರು 82 ಸಾವಿರ, ಮಂಜೂರಾದದ್ದು ಸುಮಾರು 15,700. ನನ್ನನ್ನು ಕೇಳಿದರೆ ತಿರಸ್ಕಾರವಾದವೇ ಹೆಚ್ಚು ಬೆಲೆಯವು. ಚೀಟಿ ಸಾಗಿಸಿದವಳು, ಬಂದೂಕು ಬಚ್ಚಿಟ್ಟವನು, ಸೇನೆಯ ಲಾರಿ ಬರದಂತೆ ರಾತ್ರಿ ರಸ್ತೆ ಅಗೆದವರು, ಓಡಿಬಂದವರಿಗೆ ಹಾಸಿಗೆ ಹಾಸಿ ಉಣ್ಣಲಿಕ್ಕಿದವರು ಎಲ್ಲ ಅಲ್ಲಿದ್ದಾರೆ. ಇವರಿಲ್ಲದೆ ಗುಂಡು ಹಾರಿಸುವವನು ಎಷ್ಟು ದಿನ ತಾನೇ ಬದುಕುತ್ತಿದ್ದ!

ಹಾಗೆಂದು ಐರಿಷರನ್ನು ತಲೆಮೇಲೆ ಹೊತ್ತುಕೊಳ್ಳಬೇಕಿಲ್ಲ. 1916ರಲ್ಲಿ ಮೂರು ಗುಂಡು ತಿಂದ ಮಾರ್ಗರೆಟ್ ಸ್ಕಿನ್ನಿಡರ್ ಅವರ ಗಾಯದ ಪಿಂಚಣಿಯನ್ನು 1925ರಲ್ಲಿ, ಕಾಯ್ದೆಯ ಪ್ರಕಾರ ಸೈನಿಕ ಎಂದರೆ ಗಂಡಸು ಎಂದು ತಳ್ಳಿಹಾಕಿದರು. ಇನ್ನು 1922ರ ಜೂನ್‌ನಲ್ಲಿ, ತಮ್ಮತಮ್ಮಲ್ಲೇ ಯುದ್ಧ ಹತ್ತಿಕೊಂಡಾಗ, ಡಬ್ಲಿನ್ನಿನ ನ್ಯಾಯಾಲಯ ಸಮುಚ್ಚಯ ಫೋರ್ ಕೋರ್ಟ್ಸ್‌ನಲ್ಲಿದ್ದ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟು, ಶತಮಾನಗಳ ಕಾಗದ ಬೂದಿಯಾಯಿತು. 1947ರಿಂದ 57ರವರೆಗೆ ಸರಕಾರದ ಮಿಲಿಟರಿ ಇತಿಹಾಸ ಬ್ಯೂರೋ ಆ ಕಾಲದವರಿಂದ 1,773 ಹೇಳಿಕೆ ಬರೆಸಿಕೊಂಡಿತು; ಉಕ್ಕಿನ ಪೆಟ್ಟಿಗೆಗಳಲ್ಲಿ ಬೀಗ ಹಾಕಿಟ್ಟ ಅವನ್ನು ತೆರೆದದ್ದು 2003ರಲ್ಲಷ್ಟೇ. ಅಷ್ಟರಲ್ಲಿ ಎದುರಿಗೆ ಕೂರಿಸಿ ಮರುಪ್ರಶ್ನೆ ಕೇಳಲು ಯಾರೂ ಉಳಿದಿರಲಿಲ್ಲ. 1920ರ ನವೆಂಬರ್ 28ರ ಕಿಲ್‌ಮೈಕೆಲ್ ಹೊಂಚುದಾಳಿಯಲ್ಲಿ ಬ್ರಿಟಿಷರ ಪೊಲೀಸ್ ದಳದವರು ಶರಣಾದಂತೆ ನಟಿಸಿ ಮತ್ತೆ ಗುಂಡು ಹಾರಿಸಿದರೇ ಎಂಬ ಜಗಳ ಇನ್ನೂ ಹರಿದಿಲ್ಲ.

ನಮ್ಮ ಕಡೆಯೂ ಕೇಳಬೇಕಾದದ್ದು ಬೇಕಾದಷ್ಟಿದೆ. ದಾವಣಗೆರೆಯ 1942ರ ಗೋಲಿಬಾರಿದೆ. ಪಕ್ಕದ ಹಾವೇರಿ ಸೀಮೆಯ ಹೊಸರಿತ್ತಿಯಲ್ಲಿ 1943ರ ಏಪ್ರಿಲ್ 1ರಂದು ಬ್ರಿಟಿಷ್ ಸರಕಾರದ ಕಂದಾಯದ ಹಣಕ್ಕೆ ಕೈಹಾಕಿ ಮೈಲಾರ ಮಹದೇವಪ್ಪ ಮತ್ತಿಬ್ಬರು ಗುಂಡಿಗೆ ಬಲಿಯಾದರು. ಕಂಡವರು ಹೆಚ್ಚುಕಮ್ಮಿ ಹೋಗಿಬಿಟ್ಟರು; ಮೊಮ್ಮಕ್ಕಳ ಟ್ರಂಕಿನಲ್ಲಿ ಜೈಲಿನ ಸರ್ಟಿಫಿಕೇಟು, ಪಿಂಚಣಿ ಆದೇಶ ಇರಬಹುದು. ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡುವುದಿಲ್ಲ. ಎರಡೂ ಬದಿಯ ಫೋಟೊ ತೆಗೆಯಿರಿ, ಹಿಂಬದಿಯ ಸೀಲು, ಟಿಪ್ಪಣಿ ಸಮೇತ. ಮನೆಯವರ ಮಾತನ್ನು ಬರೆಯುವಾಗ ಅವರು ಕಂಡದ್ದು ಯಾವುದು, ಯಾರಿಂದ ಕೇಳಿದ್ದು ಯಾವುದು ಎಂದು ಬೇರೆ ಮಾಡಿ. ತಾರೀಖು ನೆನಪಿಲ್ಲದಿದ್ದರೆ ಹಬ್ಬವೋ ಸುಗ್ಗಿಯೋ ಎಂದು ಕೇಳಿ. ಭಾಷಣ ಮಾಡಿದವರ ಹೆಸರು ತಾನಾಗಿ ಬರುತ್ತದೆ, ರೊಟ್ಟಿ ಬಡಿದುಕೊಟ್ಟವರದ್ದನ್ನು ಒತ್ತಿ ಕೇಳಬೇಕು. ಇಬ್ಬರ ಮಾತು ತಾಳೆಯಾಗದಿದ್ದರೆ ತಿದ್ದಲು ಹೋಗದೆ ಎರಡನ್ನೂ ಹೇಳಿದ ಹಾಗೇ ಇಡಿ.