ಗೆಂಡೆ ಮೀನಿನ ಎಣ್ಣೆ ಸ್ನಾನ

ಇಂಗ್ಲೆಂಡಿನಲ್ಲಿ ಗೆಂಡೆ ಮೀನಿಗೆ, ಅಂದರೆ ಕಾರ್ಪ್‌ಗೆ, ಗಾಳ ಹಾಕುವವರ ಸಡಗರ ನೋಡಿದರೆ ಅಳಿಯ ಮೊದಲ ಸಲ ಮನೆಗೆ ಬರುತ್ತಿದ್ದಾನೇನೋ ಅನ್ನಿಸಬೇಕು. ರವೆ, ಸೋಯಾ ಹಿಟ್ಟು, ಒಣಮೀನಿನ ಪುಡಿಗೆ ಮೊಟ್ಟೆ ಒಡೆದು ಹಾಕಿ, ಕಲಸಿ, ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಬೇಯಿಸುತ್ತಾರೆ. ಗಾಳಕ್ಕೆ ಕಟ್ಟುವ ಈ ಉಂಡೆಯ ಹೆಸರು ಬಾಯ್ಲಿ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನೂ ಸುಮ್ನೆ ಇರುತ್ತಿದ್ದೆ.

ಆಮೇಲೆ ಶುರುವಾಗುತ್ತದೆ ಉಂಡೆಗೆ ಅಭ್ಯಂಜನ. ಸಾಲ್ಮನ್ ಎಣ್ಣೆ, ಹೆಂಪ್ ಎಣ್ಣೆ, ಬೆಳ್ಳುಳ್ಳಿ ಎಣ್ಣೆ, ಲಿವರ್ ರಸ, ಕಾಕಂಬಿ, ಅನಾನಸ್, ಸ್ಟ್ರಾಬೆರಿ. ಕೆಸರು ಕೆದಕಿ ಹುಳ ತಿನ್ನುವ ಮೀನು ಅನಾನಸ್ಸನ್ನು ಯಾವ ಮದುವೆ ಮನೆಯಲ್ಲಿ ತಿಂದಿತ್ತೋ! ಬ್ಯುಟಿರಿಕ್ ಆಮ್ಲ ಅಂತ ಇನ್ನೊಂದಿದೆ, ಕೆಟ್ಟ ಬೆಣ್ಣೆಯ ಕಮಟು ವಾಸನೆ ಬರುವುದೇ ಅದರಿಂದ, ಅದನ್ನೂ ದುಡ್ಡು ಕೊಟ್ಟು ತರುತ್ತಾರೆ. ಕಾರ್ನ್ ಸ್ಟೀಪ್ ಲಿಕರ್ ಅಂದಾಗ ನಮ್ಮವರು ಕಿವಿ ನಿಮಿರಿಸಬಹುದು, ಬೇಡ, ಆ 'ಎಣ್ಣೆ' ಅಲ್ಲ. ಪಿಷ್ಟ ತೆಗೆಯಲು ಮೆಕ್ಕೆಜೋಳ ನೆನೆಸಿದ ನೀರನ್ನು ಕಾಯಿಸಿ ಗಟ್ಟಿ ಮಾಡಿದ್ದು. ನಮ್ಮ ಕಡೆ ಎಮ್ಮೆಗೆ ಇಡುವ ಕಲಗಚ್ಚಿನ ವಿಲಾಯಿತಿ ತಮ್ಮ.

ತಮಾಷೆ ಏನೆಂದರೆ, ಗೆಂಡೆಗೆ ವಾಸನೆ, ರುಚಿ ಹತ್ತುವುದು ನೀರಿನಲ್ಲಿ ಕರಗುವ ಅಮೈನೋ ಆಮ್ಲಗಳಂಥ ವಸ್ತುಗಳಿಂದ. ಕಲಗಚ್ಚಿಗೆ ಆ ಮಟ್ಟಿಗೆ ಮರ್ಯಾದೆ ಇದೆ. ಎಣ್ಣೆ ಕರಗುವುದೇ ಇಲ್ಲ. ಮೀನು ತಳದಲ್ಲಿ, ಎಣ್ಣೆ ಮೇಲೆ. ಚಳಿ ಬಂದರೆ ಇನ್ನೂ ಕಷ್ಟ, ಡಿಸೆಂಬರಿನಲ್ಲಿ ಬಚ್ಚಲುಮನೆಯ ತೆಂಗಿನೆಣ್ಣೆ ಡಬ್ಬಿ ಹಠ ಹಿಡಿಯುತ್ತದಲ್ವಾ, ಹಾಗೆ ಮೀನಿನೆಣ್ಣೆಯೂ ಮಂದವಾಗಿ ಉಂಡೆ ಬಿಟ್ಟು ಕದಲುವುದಿಲ್ಲ. ಪರಿಹಾರ? ಎಣ್ಣೆಯನ್ನು ನೀರಿಗೆ ಬೆರೆಸಲು ಲೆಸಿಥಿನ್. ಅದು ಇನ್ನೊಂದು ಬಾಟಲಿ! ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಅಂತ ನಮ್ಮ ಹಿರಿಯರು ಹೇಳಿದರು, ಪಾಪ, ಬಾಟಲಿಗೆ ತುಂಬಿ ಮಾರಬಹುದೆಂದು ಅವರಿಗೆ ಹೊಳೆಯಲಿಲ್ಲ.

ಇಷ್ಟೆಲ್ಲ ಉಪಚಾರ ಜಠರವೇ ಇಲ್ಲದ ಮೀನಿಗೆ. ನಿಜವಾಗಿಯೂ ಇಲ್ಲ. ಗಂಟಲಿನ ಹಲ್ಲಿನಲ್ಲಿ ಅರೆದದ್ದು ನೇರ ಕರುಳಿಗೆ.

1952ರಲ್ಲಿ ರಿಚರ್ಡ್ ವಾಕರ್ ರೆಡ್‌ಮೈರ್ ಎಂಬ ಸಣ್ಣ ಕೊಳದಲ್ಲಿ 44 ಪೌಂಡಿನ ಗೆಂಡೆ ಹಿಡಿದು ದಾಖಲೆ ಮಾಡಿದಾಗ ಗಾಳದಲ್ಲಿದ್ದದ್ದು ಬ್ರೆಡ್. 1980ರಲ್ಲಿ ಅದೇ ಕೊಳದಲ್ಲಿ ಕ್ರಿಸ್ ಯೇಟ್ಸ್ 51 ಪೌಂಡ್ ದಾಟಿದ್ದನ್ನು ಎಳೆದದ್ದು ಸ್ವೀಟ್ ಕಾರ್ನ್ ಕಾಳಿನಿಂದ. ಡಬ್ಬಿಯಲ್ಲಿ ಸಿಗುತ್ತದಲ್ಲ, ಅದೇ.

ಹಿಡಿದ ಮೇಲೆ ತಿನ್ನುತ್ತಾರಾ ಅಂದರೆ ಅದೂ ಇಲ್ಲ. ಮೆತ್ತನೆ ಹಾಸಿಗೆಯ ಮೇಲೆ ಮಲಗಿಸಿ, ತುಟಿಯ ಗಾಯಕ್ಕೆ ಔಷಧ ಹಚ್ಚಿ, ಫೋಟೋ ತೆಗೆದು ವಾಪಸ್ ನೀರಿಗೆ. ಬೆನ್ಸನ್ ಅಂತ ಹೆಸರಿಟ್ಟಿದ್ದ, 60 ಪೌಂಡ್ ಮೀರಿದ ಒಂದು ಗೆಂಡೆ 2009ರಲ್ಲಿ ಸಾಯುವ ಹೊತ್ತಿಗೆ 60ಕ್ಕೂ ಹೆಚ್ಚು ಸಲ ಸಿಕ್ಕಿಬಿದ್ದಿತ್ತಂತೆ. ಅಷ್ಟು ಸಲ ಬಂದು ಉಂಡು ಹೋಗುವವರಿಗೆ ನಮ್ಮ ಹೋಟೆಲಿನಲ್ಲಿ ಖಾತೆ ಪುಸ್ತಕ ಇಟ್ಟಿರುತ್ತಾರೆ.

ಇದೇ ಇಂಗ್ಲೆಂಡಿನವರು ನಮ್ಮ ಕಾವೇರಿಗೆ ಗೆಂಡೆಯ ದಾಯಾದಿ ಮಹಶೀರ್ ಹಿಡಿಯಲು ಬರುತ್ತಿದ್ದಾಗ ಗಾಳಕ್ಕೆ ಕಟ್ಟುತ್ತಿದ್ದದ್ದು ರಾಗಿ ಮುದ್ದೆ. ಮೀನು ಅದನ್ನು ನುಂಗುತ್ತಿತ್ತು. ಬಸ್ಸಾರು ಕೂಡ ಕೇಳಲಿಲ್ಲ.