ಎರಡು ಬಾಣದ ಮೊನೆ ಕೂಡಿದ್ದರೆ ಉಜ್ಜಬೇಡಿ

ಆಯುಧಪೂಜೆ ದಿನ ಯಸಳೂರು ಕಡೆಯ ಒಂದು ತೋಟದ ಮನೆಗೆ ಊಟಕ್ಕೆ ಹೋಗಿದ್ದೆ. ಜಗಲಿಯಲ್ಲಿ ಮಣೆ ಹಾಕಿ ಕತ್ತಿ, ಗುದ್ದಲಿ, ಕಳೆ ಹೊಡೆಯೋ ಮಿಷನ್ನು, ಜೀಪಿನ ಕೀ, ಜೋಡುನಳಿಗೆ ಕೋವಿ ಎಲ್ಲ ಇಟ್ಟಿದ್ದರು. ಎಲ್ಲಕ್ಕೂ ಕುಂಕುಮ, ಚೆಂಡುಹೂವು. ಸಾಲಿನ ತುದಿಯಲ್ಲಿ ಒಂದು ರಿವಾಲ್ವರ್. ಹೋದ ವರ್ಷ ನೋಡಿದಾಗ ಇದ್ದಲಿನ ಹಾಗೆ ಕಪ್ಪಗಿತ್ತು. ಈ ಸಲ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತಿತ್ತು.

"ಯಾರು ಗೌಡ್ರೇ ಇದನ್ನ ಉಜ್ಜಿದ್ದು?" ಅಂದೆ.

"ನಮ್ ಹುಡುಗ. ಎರಡು ದಿನ ಕೂತು ಉಪ್ಪುಕಾಗದ ಹಾಕಿ ಉಜ್ಜವ್ನೆ. ಹೆಂಗಾಗೈತೆ ನೋಡಿ, ಹೊಸದರಂಗೆ!" ಅಂದರು ಖುಷಿಯಿಂದ.

ಹಬ್ಬದ ಮನೆ, ನಾನೇನೂ ಹೇಳಲಿಲ್ಲ. ಒಬ್ಬಟ್ಟು ತಿಂದು ಬಂದೆ. ರಾತ್ರಿ ನಿದ್ದೆ ಬರಲಿಲ್ಲ. ಆ ಮನೆಯವರಿಗೆ ಬೇಜಾರಾಗಬಾರದು ಅಂತ ಇಷ್ಟು ದಿನ ಸುಮ್ಮನಿದ್ದೆ. ನಮ್ಮ ಸಕಲೇಶಪುರ, ಆಲೂರು, ಮೂಡಿಗೆರೆ ಸೀಮೆಯ ಮನೆಗಳಲ್ಲಿ ಇಂಥವು ಇನ್ನೂ ಕೆಲವಾದರೂ ಇರುತ್ತವೆ, ಅದಕ್ಕೇ ಇವತ್ತು ಬರೆಯುತ್ತಿದ್ದೇನೆ.

ಗೌಡರ ಮನೆಯದು ಎನ್‌ಫೀಲ್ಡ್ ನಂಬರ್ 2 ರಿವಾಲ್ವರ್. ಬ್ರಿಟಿಷ್ ಸೈನ್ಯ 1932ರಲ್ಲಿ ಒಪ್ಪಿಕೊಂಡ ಮಾದರಿ. ದೊರೆಗಳು ತೋಟ ಮಾರಿ ಹೊರಟಾಗ ಗೌಡರ ತಾತನಿಗೆ ಸಿಕ್ಕಿದ್ದಂತೆ. ಅದರ ಮೇಲಿದ್ದ ಕಪ್ಪು, ಯಾರೋ ಆಮೇಲೆ ಬಳಿದ ಬಣ್ಣ ಅಂತ ಹುಡುಗ ತಿಳಿದುಕೊಂಡ. ಎರಡನೇ ಮಹಾಯುದ್ಧ ಮುಗಿದ ಮೇಲೆ ಈ ರಿವಾಲ್ವರ್‌ಗಳನ್ನು ರಿಪೇರಿಗೆ ತೆಗೆದುಕೊಂಡಾಗ ಸೈನ್ಯವೇ ಹಚ್ಚಿ, ಕಾಯಿಸಿ ಕೂರಿಸುತ್ತಿದ್ದ ಕಪ್ಪು ಅದು. ಅದರ ಜೊತೆಗೇ ಬಲಮಗ್ಗುಲಲ್ಲಿ ಒತ್ತಿದ್ದ ಕಿರೀಟ, ಮಾದರಿ, ಇಸವಿ ಅರ್ಧಂಬರ್ಧ ಅಳಿಸಿಹೋಗಿವೆ. ಹೋದ ವರ್ಷ ಭೂತಗನ್ನಡಿ ಇಟ್ಟು ನೋಡಿದ್ದ ಎರಡು ಪುಟ್ಟ ಬಾಣಗಳು, ಮೊನೆಗೆ ಮೊನೆ ತಾಗಿಕೊಂಡು ನಿಂತಿದ್ದವು, ಈಗ ಪೂರ್ತಿ ಇಲ್ಲ.

ಆ ಬಾಣದ ಕತೆ ಹೇಳಬೇಕು. ಒಂದೇ ಬಾಣ ಇದ್ದರೆ ಬ್ರಿಟಿಷ್ ಸರ್ಕಾರದ ಸೊತ್ತು ಅಂತ ಅರ್ಥ. ಬಾಣದ ಕೆಳಗೆ ಇಂಗ್ಲಿಷಿನ 'ಐ' ಅಕ್ಷರ ಇದ್ದರೆ ಭಾರತ ಸರ್ಕಾರದ್ದು. ಸೈನ್ಯ ಇನ್ನು ನಮಗೆ ಬೇಡ ಅಂತ ಮಾರಿಬಿಟ್ಟಾಗ ಇನ್ನೊಂದು ಬಾಣವನ್ನು ತಿರುಗಿಸಿ ಒತ್ತಿ ಎರಡರ ಮೊನೆ ಕೂಡಿಸುತ್ತಿದ್ದರು. ಅಂದರೆ ಇದು ಕದ್ದ ಮಾಲಲ್ಲ, ಸರ್ಕಾರವೇ ಕೈಬಿಟ್ಟದ್ದು. ಅದಕ್ಕೆ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ನಿನ ಪರೀಕ್ಷಾ ಮುದ್ರೆಯೂ ಸೇರಿದ್ದರೆ ಅಲ್ಲಿನ ಪೇಟೆಯಲ್ಲಿ ಮಾರಾಟಕ್ಕೆ ಬಂದಿತ್ತು ಎಂದು ತಿಳಿಯುತ್ತದೆ. ನಮ್ಮ ಪಹಣಿಯಲ್ಲಿ ಹೆಸರು ಬದಲಾದ ಹಾಗೆ, ಕಬ್ಬಿಣದ ಮೇಲೇ ಬರೆದಿಟ್ಟ ಹಕ್ಕು ಬದಲಾವಣೆ. ಉಪ್ಪುಕಾಗದ ಹಾಕಿದವನು ಪಹಣಿಯನ್ನೇ ಅಳಿಸಿದ ಹಾಗಾಯಿತು.

ನಾನು ಸೈನ್ಯದ ರಿಪೇರಿ ವಿಭಾಗವಾದ ಇಎಂಇಯಲ್ಲಿ ಆರ್ಮರರ್, ಅಂದರೆ ಆಯುಧ ರಿಪೇರಿ ಮಾಡುವವನಾಗಿ 17 ವರ್ಷ ಇದ್ದವನು. ಕೋತ್‌ನಲ್ಲಿ (ಆಯುಧ ಇಡುವ ಕೋಣೆ) ಚಿಂದಿ, ಎಣ್ಣೆ, ನಳಿಗೆ ಒರೆಸುವ ಹಗ್ಗ ಪುಲ್‌ಥ್ರೂ ಹಿಡಿದು ಕೂತೇ ವಯಸ್ಸಾಯಿತು. ಇಚ್ಛಾಪುರದ ರೈಫಲ್ ಫ್ಯಾಕ್ಟರಿಯ 9 ಎಂಎಂ ಪಿಸ್ತೂಲು 1ಎ ನೂರಾರು ಬಿಚ್ಚಿ ಜೋಡಿಸಿದ್ದೇನೆ. ನನ್ನದು ಅಂತ ಒಂದು ಪಿಸ್ತೂಲೂ ಇಲ್ಲ, ಬೇಕು ಅಂತಲೂ ಅನಿಸಿಲ್ಲ. ನನ್ನ ಹತ್ತಿರ ಇರುವುದು ಒಂದು ನೋಟ್‌ಬುಕ್ಕು. ಎಲ್ಲಿ ಯಾವ ಹಳೇ ಸರ್ವಿಸ್ ಪಿಸ್ತೂಲು ಕಂಡರೂ ಅದರ ಗುರುತುಗಳನ್ನು ಬರೆದುಕೊಂಡಿದ್ದೇನೆ. ನನ್ನ ಸಂಗ್ರಹ ಅಷ್ಟೇ.

ನಿಜವಾದ ಸಂಗ್ರಹ ಇರುವುದು ನನ್ನ ತಮ್ಮನ ಮಗನ ಹತ್ತಿರ. ಅವನು ಟೆಕ್ಸಾಸ್‌ನಲ್ಲಿದ್ದಾನೆ, ಅಲ್ಲಿನ ಕಾನೂನಿನ ಪ್ರಕಾರ ಕೊಂಡು ಇಟ್ಟುಕೊಂಡಿದ್ದಾನೆ. ಒಂದು ವಾಲ್ಥರ್ ಪಿ38, ರಷ್ಯಾದ್ದೊಂದು ನಗಾಂಟ್ ರಿವಾಲ್ವರ್, ಮತ್ತೆ ಸೈನ್ಯದಿಂದ ಬಂದ ಕೋಲ್ಟ್ 1911. ಅಲ್ಲಿ ಸರ್ಕಾರದ ಉಗ್ರಾಣದಲ್ಲಿದ್ದ 1911ಗಳನ್ನು ಸಿವಿಲಿಯನ್ ಮಾರ್ಕ್ಸ್‌ಮನ್‌ಶಿಪ್ ಪ್ರೋಗ್ರಾಂ ಅನ್ನುವ ಸಂಸ್ಥೆಯ ಮೂಲಕ 2018ರಿಂದ ಜನರಿಗೆ ಮಾರುತ್ತಿದ್ದಾರೆ. ಅರ್ಜಿ ಹಾಕಿದವರಿಗೆಲ್ಲ ಚೀಟಿ ಎತ್ತಿದ ಹಾಗೆ ಒಂದೊಂದು ಸಂಖ್ಯೆ, ಸರದಿ ಬಂದಾಗ ಫೋನು. ತನ್ನ ಸರದಿ ಬಂದ ದಿನ ಅವನು ಅಲ್ಲಿಂದ ನನಗೆ ವಿಡಿಯೋ ಕಾಲ್ ಮಾಡಿದ್ದ, ಮದುವೆ ನಿಶ್ಚಯವಾದವನ ಹಾಗೆ.

ಅವನು ರಜೆಗೆ ಬಂದರೆ ನಮ್ಮಿಬ್ಬರ ವಾದ ಕಾಫಿ ಕಣದಲ್ಲಿ ಶುರುವಾದರೆ ರಾತ್ರಿ ಊಟದವರೆಗೂ ನಡೆಯುತ್ತದೆ.

"ದೊಡ್ಡಪ್ಪ, 1911ರಲ್ಲಿ ತಗೊಂಡಿದ್ದು, 1985ರ ತನಕ ಸೈನ್ಯದ ಪಿಸ್ತೂಲು ಅದೇ. ಇದಕ್ಕಿಂತ ಸಾಕ್ಷಿ ಏನು ಬೇಕು?" ಅನ್ನುತ್ತಾನೆ. ಒಪ್ಪುತ್ತೇನೆ. ಏಳು ಗುಂಡು, ದಪ್ಪ ಗುಂಡು, ಸೀದಾ ಕೆಲಸ. ಬ್ರೌನಿಂಗ್ ಅನ್ನುವ ಮಹಾನುಭಾವ ಮಾಡಿಟ್ಟ ಆ ಬೀಗದ ಉಪಾಯವೇ ಇವತ್ತಿನ ಬಹುಪಾಲು ಪಿಸ್ತೂಲುಗಳ ಹೊಟ್ಟೆಯಲ್ಲಿದೆ. ನಮ್ಮ 1ಎ ಕೂಡ ಅದೇ ವಂಶ. ಅದರ ಮೂಲ ಹೈಪವರ್ ಅನ್ನುವ ಪಿಸ್ತೂಲು; ಬ್ರೌನಿಂಗ್ ಅದನ್ನು ಶುರು ಮಾಡಿ 1926ರಲ್ಲಿ ತೀರಿಕೊಂಡರು, ಬೆಲ್ಜಿಯಂನ ಸೈವ್ ಅನ್ನುವವರು ಅದನ್ನು 1935ರಲ್ಲಿ ಮುಗಿಸಿದರು. 13 ಗುಂಡಿನ ಮ್ಯಾಗಜೀನು ಆ ಕಾಲಕ್ಕೆ ದೊಡ್ಡ ಮಾತು. ಆದರೆ ಮ್ಯಾಗಜೀನ್ ತೆಗೆದರೆ ಟ್ರಿಗರ್ ಕೆಲಸ ಮಾಡದ ಹಾಗೆ ಒಂದು ತುಂಡು ಇಟ್ಟಿದ್ದಾರಲ್ಲ, ಅದರಿಂದ ಟ್ರಿಗರ್ ಎಳೆತ ಒರಟು. ಹ್ಯಾಮರ್, ಅಂದರೆ ಗುಂಡು ಹಾರಿಸಲು ಬಡಿಯುವ ಪುಟ್ಟ ಸುತ್ತಿಗೆ, ಹಿಂದಕ್ಕೆ ಬಂದಾಗ ಹೆಬ್ಬೆರಳ ಬುಡದ ಚರ್ಮ ಕಚ್ಚುತ್ತದೆ. ಈ ಗಾಯ ಕಟ್ಟಿಕೊಂಡು ಬಂದ ಹುಡುಗರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಲೂಗರ್ ಪಿಸ್ತೂಲಿನ ಬಗ್ಗೆ ನಮ್ಮಿಬ್ಬರಿಗೂ ಜಗಳವಿಲ್ಲ. 1908ರಲ್ಲಿ ಜರ್ಮನ್ ಸೈನ್ಯ ಒಪ್ಪಿದ್ದು. ಮೊಣಕಾಲು ಮಡಿಸಿದ ಹಾಗೆ ಮೇಲಕ್ಕೆ ಮಡಿಯುವ ಅದರ ಬೀಗ ನೋಡುತ್ತಾ ಕೂರಬಹುದು. ಆದರೆ ಒಂದೊಂದು ತುಂಡನ್ನೂ ಕೈಯಲ್ಲಿ ಉಜ್ಜಿ ಕೂರಿಸಬೇಕು, ಅದಕ್ಕೇ ಸಣ್ಣ ಸಣ್ಣ ತುಂಡುಗಳ ಮೇಲೂ ನಂಬರಿನ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ. ಸೈನ್ಯಕ್ಕೆ ಅದು ದುಬಾರಿ ಆಯಿತು, ಪಿ38 ಬಂತು. ಸಂಗ್ರಹ ಮಾಡುವವರಿಗೆ ಆ ಅಂಕಿಗಳೇ ಪ್ರಾಣ. ಎಲ್ಲ ತುಂಡಿನ ನಂಬರೂ ಒಂದೇ ಇದ್ದರೆ ಒಂದು ಬೆಲೆ, ಒಂದು ಪಿನ್ನು ಬೇರೆಯದಾದರೂ ಇನ್ನೊಂದು.

ನನ್ನ ಮನಸ್ಸು ನಿಂತಿರುವುದು ಮಾತ್ರ ಎನ್‌ಫೀಲ್ಡ್ ಮೇಲೆ. ಇದನ್ನು ಹೇಳಿದರೆ ತಮ್ಮನ ಮಗ ನಗುತ್ತಾನೆ. ಆರು ಗುಂಡು, ನಿಧಾನಕ್ಕೆ ಹೋಗುವ ಗುಂಡು, ಗುರಿಕಟ್ಟೋಕೆ ಹ್ಯಾಮರ್ ಎಳೆಯೋಣ ಅಂದರೆ ಹಿಡಿಯೇ ಇಲ್ಲ. ಇವೆಲ್ಲ ನಿಜ. ಆದರೆ ಅದು ಯಾಕೆ ಹಾಗಿದೆ ಅಂತ ಕೇಳಿಕೊಳ್ಳಬೇಕು. ಮೊದಲನೇ ಮಹಾಯುದ್ಧದಲ್ಲಿ ಬ್ರಿಟಿಷರ ಕೈಲಿದ್ದದ್ದು .455ರ (ಗುಂಡಿನ ದಪ್ಪ, ಇಂಚಿನಲ್ಲಿ) ವೆಬ್ಲಿ ಮಾರ್ಕ್ 6 ರಿವಾಲ್ವರ್, ಒಂದು ಕಿಲೋ ದಾಟುವ ತೂಕ. ನಾಲ್ಕು ದಿನ ಕವಾಯತು ಮಾಡಿಸಿ ಯುದ್ಧಕ್ಕೆ ಕಳಿಸುವ ಹುಡುಗರಿಗೆ ಅದರ ಒದೆತ ತಡೆಯಲು ಆಗುತ್ತಿರಲಿಲ್ಲ. ಹಾಗಾಗಿ .38ಕ್ಕೆ ಇಳಿದು, ಗುಂಡನ್ನು ಮಾತ್ರ 13 ಗ್ರಾಂನಷ್ಟು ಭಾರವಾಗಿಯೇ ಇಟ್ಟರು. ಟ್ಯಾಂಕಿನೊಳಗೆ ಇಕ್ಕಟ್ಟು, ಹ್ಯಾಮರ್ ಹಿಡಿ ಎಲ್ಲೆಲ್ಲೋ ಸಿಕ್ಕಿಕೊಳ್ಳುತ್ತದೆ ಅಂತ 1938ರಲ್ಲಿ ಅದನ್ನೂ ಕತ್ತರಿಸಿದರು. ಹೆಬ್ಬೆರಳಲ್ಲಿ ಒಂದು ಕೀಲು ಒತ್ತಿದರೆ ನಳಿಗೆ ಮುಂದಕ್ಕೆ ಬಾಗುತ್ತದೆ, ಆರೂ ಖಾಲಿ ಕೇಸುಗಳು ಒಟ್ಟಿಗೆ ಎದ್ದು ಉದುರುತ್ತವೆ. ಕತ್ತಲಲ್ಲೂ ಮಾಡಬಹುದು, ಕೈಗವಸು ಹಾಕಿಕೊಂಡೂ ಮಾಡಬಹುದು. ಹೆದರಿದ ಸಾಮಾನ್ಯ ಸಿಪಾಯಿಯನ್ನು ಮುಂದೆ ಇಟ್ಟುಕೊಂಡು ಯೋಚಿಸಿದವರು ಮಾಡಿದ ವಸ್ತು ಅದು. ಚೆಂದಕ್ಕಲ್ಲ, ನನಗೆ ಅದು ಇಷ್ಟವಾಗುವುದು ಈ ಕಾರಣಕ್ಕೆ.

ಅದರ ಹಿಂದೆ ಒಂದು ಅನ್ಯಾಯವೂ ಇದೆ. ಮೂಲ ಕೆಲಸ ವೆಬ್ಲಿ ಕಂಪನಿಯದು. ಸರ್ಕಾರ ಅವರ ನಕ್ಷೆ ತೆಗೆದುಕೊಂಡು, ಅಲ್ಪಸ್ವಲ್ಪ ತಿದ್ದಿ, ತನ್ನದೇ ಎನ್‌ಫೀಲ್ಡ್ ಕಾರ್ಖಾನೆಯಲ್ಲಿ ಮಾಡಿಸಿತು. ವೆಬ್ಲಿಯವರು 2,250 ಪೌಂಡ್ ಕೇಳಿದರು, ಕೊನೆಗೆ ಸಿಕ್ಕಿದ್ದು 1,250. ಆಮೇಲೆ ಯುದ್ಧ ಬಂದಾಗ ಎನ್‌ಫೀಲ್ಡ್ ಸಾಲದೆ ಅದೇ ವೆಬ್ಲಿಯವರ .38 ಅನ್ನೂ ಸೈನ್ಯ ಕೊಳ್ಳಬೇಕಾಯಿತು.

ಗುರುತು, ಕೊಳೆ, ಸವಕಳಿ ಇವೇ ಬೆಲೆ ಅನ್ನುವುದಕ್ಕೆ ನಮ್ಮದೇ ದೇಶದ ದೊಡ್ಡ ಉದಾಹರಣೆ ಇದೆ. 1971ರ ಡಿಸೆಂಬರ್ 16ರಂದು ಢಾಕಾದ ರೇಸ್ ಕೋರ್ಸ್ ಮೈದಾನದಲ್ಲಿ ಪಾಕಿಸ್ತಾನದ ಜನರಲ್ ನಿಯಾಜಿ ಶರಣಾಗಿ ತನ್ನ ರಿವಾಲ್ವರನ್ನು ನಮ್ಮ ಜನರಲ್ ಅರೋರಾ ಅವರ ಕೈಗೆ ಕೊಟ್ಟ. ಆಮೇಲೆ ಅದನ್ನು ಕೈಯಲ್ಲಿ ಹಿಡಿದು ನೋಡಿದ ನಮ್ಮ ಸೈನ್ಯದ ಜನರಲ್ ಜೇಕಬ್ ಅವರಿಗೆ ಅನುಮಾನ ಬಂತು. ಸಾಧಾರಣ .38, ನಳಿಗೆಯೊಳಗೆ ಕೊಳೆ ಕಟ್ಟಿದೆ, ಅದಕ್ಕೆ ಕಟ್ಟುವ ದಾರ, ಲ್ಯಾನ್‌ಯಾರ್ಡ್, ಕೊಳಕಾಗಿ ಹರಿದಿದೆ. ಇದು ಜನರಲ್ ಒಬ್ಬನ ಸ್ವಂತ ಆಯುಧವಲ್ಲ, ಯಾರೋ ಮಿಲಿಟರಿ ಪೊಲೀಸಿನವನದು ಇರಬೇಕು ಅಂತ ಅವರು ಬರೆದಿದ್ದಾರೆ. ಯಾರಾದರೂ ಉತ್ಸಾಹದಲ್ಲಿ ಅವತ್ತೇ ಅದನ್ನು ತಿಕ್ಕಿ ತೊಳೆದಿದ್ದರೆ ಆ ಕೊಳೆ ಹೇಳಿದ ಮಾತು ಯಾರಿಗೂ ಕೇಳಿಸುತ್ತಿರಲಿಲ್ಲ.

ಈಗ ನನಗೆ ಹೆಚ್ಚು ಸಂಕಟ ಕೊಟ್ಟಿರುವ ವಿಷಯ. 2019ರ ಡಿಸೆಂಬರ್‌ನಲ್ಲಿ ಆಯುಧ ಕಾಯ್ದೆ ತಿದ್ದುಪಡಿ ಆಯಿತು. ಒಬ್ಬರ ಹೆಸರಲ್ಲಿ ಮೂರು ಬಂದೂಕು ಇಟ್ಟುಕೊಳ್ಳಬಹುದು ಅಂತ ಇದ್ದದ್ದು ಎರಡಕ್ಕೆ ಇಳಿಯಿತು. ಮಸೂದೆಯಲ್ಲಿ ಮೊದಲು ಒಂದೇ ಅಂತಿತ್ತು, ಆಕ್ಷೇಪ ಬಂದ ಮೇಲೆ ಎರಡಾಯಿತು. ಹಿರಿಯರಿಂದ ಬಂದದ್ದೂ ಆ ಲೆಕ್ಕಕ್ಕೇ ಸೇರುತ್ತದೆ. ಹೆಚ್ಚಿನದನ್ನು ಒಂದು ವರ್ಷದೊಳಗೆ ಒಪ್ಪಿಸಬೇಕಿತ್ತು. ತೋಟದ ಮನೆಯವರು ಏನು ಮಾಡುತ್ತಾರೆ? ಹಂದಿ ಓಡಿಸಲು ಜೋಡುನಳಿಗೆ ಬೇಕು, .315 ರೈಫಲ್ ಬಿಡಲು ಮನಸ್ಸಿಲ್ಲ. ಮೂವತ್ತು ವರ್ಷದಿಂದ ಒಂದು ಗುಂಡೂ ಹಾರಿಸದ ತಾತನ ರಿವಾಲ್ವರ್ ಹೋಯಿತು. ನನ್ನ ಸೋದರಮಾವನ ಮನೆಯಲ್ಲೂ ಹಾಗೇ ಆಯಿತು. ಕೊಟ್ಟ ರಸೀದಿಯಲ್ಲಿ "ಹಳೆಯ ರಿವಾಲ್ವರ್, 1" ಅಂತ ಇದೆ, ಅಷ್ಟೇ. ಯಾವ ಕಾರ್ಖಾನೆ, ಯಾವ ಇಸವಿ, ಯಾವ ಗುರುತು, ಏನೂ ಇಲ್ಲ. ನಾನು ಅಷ್ಟರೊಳಗೆ ಅದನ್ನು ನೋಡಲು ಹೋಗಿರಲಿಲ್ಲ. ಕೊರೊನಾ ವರ್ಷ, ಮುಂದೆ ನೋಡಿದರಾಯಿತು ಅಂದುಕೊಂಡೆ. ನನ್ನ ನೋಟ್‌ಬುಕ್ಕಿನಲ್ಲಿ ಆ ಪುಟ ಖಾಲಿ ಇದೆ.

ಎಲ್ಲರ ಸೊಂಟಕ್ಕೂ ಪಿಸ್ತೂಲು ಕೊಡಿ ಅಂತ ನಾನು ಹೇಳುವವನಲ್ಲ. ಅದರ ಬಾಯಿ ಎಂಥದು ಅಂತ ಬಲ್ಲವನು ಹಾಗೆ ಹೇಳುವುದಿಲ್ಲ. ನಾನು ಕೇಳುವುದು ಉಳಿಸಿಕೊಳ್ಳಲು ಒಂದು ದಾರಿ. 2020ರಲ್ಲಿ ನಮ್ಮಲ್ಲೂ ಒಂದು ನಿಯಮ ಬಂದು, ಕ್ಯೂರಿಯೋ, ಅಂದರೆ ಅಪರೂಪದ ಹಳೇ ವಸ್ತು ಅನ್ನಿಸುವ ಪುರಾತನ ಆಯುಧ ಇಟ್ಟುಕೊಳ್ಳಲು ಪರವಾನಗಿ ಬೇಡ, ಒಯ್ಯಲು ಬಳಸಲು ಮಾತ್ರ ಬೇಕು ಎಂದಾಯಿತು. ಒಳ್ಳೆಯದೇ. ಆದರೆ ಸೈನ್ಯ ಮಾರಿದ ಈ 20ನೇ ಶತಮಾನದ ರಿವಾಲ್ವರ್‌ಗಳಿಗೂ ಬಾಗಿಲು ತೆರೆಯಬೇಕು. ಬ್ರಿಟನ್ ನೋಡಿ, 1997ರಲ್ಲಿ ಕೈಬಂದೂಕುಗಳನ್ನೇ ನಿಷೇಧಿಸಿದ ದೇಶ. ಅದೇ ಕಾಯ್ದೆಯಲ್ಲಿ, ಚರಿತ್ರೆಯ ಮಹತ್ವ ಇರುವವನ್ನು ಗೊತ್ತುಮಾಡಿದ ಜಾಗದಲ್ಲಿ ಇಟ್ಟು ಕಾಪಾಡಲು ಅವಕಾಶ ಬಿಟ್ಟಿದ್ದಾರೆ. ಕೊಡ್ಲಿಪೇಟೆ ಬಂದರೆ ಕೊಡಗು, ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರ ಮನೆ ಸನ್ನಿಸೈಡ್ 2021ರಲ್ಲಿ ವಸ್ತುಸಂಗ್ರಹಾಲಯವಾಯಿತು. ಹಾಸನಕ್ಕೂ ಚಿಕ್ಕಮಗಳೂರಿಗೂ ಸೇರಿ ಅಂಥದ್ದೊಂದು ಕೋಣೆಯಾದರೂ ಬೇಡವೇ? ಒಪ್ಪಿಸಿದ ಆಯುಧಗಳಲ್ಲಿ ಆಯ್ದ ಹತ್ತನ್ನು ಹೊಡೆಯದ ಹಾಗೆ ಮಾಡಿ, ಗಾಜಿನೊಳಗೆ ಇಟ್ಟು, ಯಾವ ತೋಟದಿಂದ ಬಂತು ಅಂತ ಎರಡು ಸಾಲು ಬರೆದರೆ ಸಾಕು.

ಅಲ್ಲಿಯವರೆಗೆ ಮನೆಯಲ್ಲಿ ಉಳಿದಿರುವವರು ದಯವಿಟ್ಟು ಕೇಳಿ. ಚರ್ಮದ ಚೀಲದೊಳಗೆ ಇಡಬೇಡಿ. ನಮ್ಮ ಮಳೆಗಾಲದಲ್ಲಿ ಚರ್ಮ ನೀರು ಕುಡಿದು ಕಬ್ಬಿಣಕ್ಕೆ ಕುಡಿಸುತ್ತದೆ. ಚೀಲ ಬೇರೆ, ರಿವಾಲ್ವರ್ ಬೇರೆ, ಒಣ ಬಟ್ಟೆ, ತೆಳು ಎಣ್ಣೆ. ಚುನಾವಣೆಗೆ ಠಾಣೆಗೆ ಒಪ್ಪಿಸುವಾಗಲೂ ಎಣ್ಣೆ ಸವರಿ ಕೊಡಿ, ತಂದ ದಿನವೇ ಒರೆಸಿ ಮತ್ತೆ ಸವರಿ. ಒಂದು ಠಾಣೆಯಿಂದ ಎರಡು ತಿಂಗಳ ಮೇಲೆ ವಾಪಸ್ ಬಂದ ಒಂದು ನಳಿಗೆಯೊಳಗೆ ನಾನು ತುಕ್ಕು ಕಂಡಿದ್ದೇನೆ. ಆಯುಧಪೂಜೆಗೆ ಕುಂಕುಮವನ್ನು ಕೆಳಗಿನ ಮಣೆಗೆ ಇಡಿ, ದೇವಿಗೆ ತಲುಪುತ್ತದೆ. ಎನ್‌ಫೀಲ್ಡ್‌ನಲ್ಲಿ ಮಾರ್ಕ್ 1 ಮುಂದೆ ಎರಡು ನಕ್ಷತ್ರ ಇದ್ದರೆ ಇನ್ನಷ್ಟು ಜಾಗ್ರತೆ. ಯುದ್ಧದ ಅವಸರದಲ್ಲಿ ಹ್ಯಾಮರ್ ತಡೆಯುವ ತುಂಡನ್ನೇ ಬಿಟ್ಟು ಮಾಡಿದ್ದು ಅದು, ಗುಂಡು ತುಂಬಿದ್ದು ಕೆಳಗೆ ಬಿದ್ದರೆ ಹಾರಬಹುದು. ಆಮೇಲೆ ಬಹಳಷ್ಟನ್ನು ಸರಿ ಮಾಡಿದರು, ನಿಮ್ಮದು ಆ ಲೆಕ್ಕಕ್ಕೆ ಸೇರಿದೆಯೋ ಇಲ್ಲವೋ ಬಲ್ಲವರಿಗೆ ತೋರಿಸಿ.

ಮುಂದಿನ ವಾರ ಗೌಡರ ಮನೆಗೆ ಮತ್ತೆ ಹೋಗುತ್ತೇನೆ. ಆ ಹುಡುಗನ ಜೊತೆ ಕೂತು ಅಳಿಯದೆ ಉಳಿದಿರುವ ಗುರುತುಗಳನ್ನಾದರೂ ಬರೆದಿಡಬೇಕು. ಅವನು ಎರಡು ದಿನ ಕೂತು ಉಜ್ಜಿದ್ದು ಪ್ರೀತಿಯಿಂದಲೇ, ಅವನ ಕೈಗೇ ಭೂತಗನ್ನಡಿ ಕೊಡುತ್ತೇನೆ. ನಿಮ್ಮ ಮನೆಯಲ್ಲೂ ಲೈಸೆನ್ಸ್ ಇರುವ ಹಳೆಯದೊಂದು ಇದ್ದರೆ ನಂಬರನ್ನು ಇಲ್ಲಿ ಹಾಕಬೇಡಿ, ಫೋಟೋನೂ ಬೇಡ. "ನಮ್ಮಲ್ಲೂ ಇದೆ" ಅಂತ ಮೆಸೇಜ್ ಮಾಡಿ. ಭಾನುವಾರಗಳು ನನಗೆ ಬಿಡುವು, ಚಿಂದಿ ಎಣ್ಣೆ ನಾನೇ ತರುತ್ತೇನೆ.